ರೆಕ್ಕೆಯೊಳಗೆ

ವಿಮಾನ ರಿಪೇರಿಯ ಶೆಡ್ಡು ದೊಡ್ಡದಾಗಿ ನೂರು ಹೊಸ ಕೆಲಸ ಹುಟ್ಟಿದಾಗ ಪ್ರಮೀಳಾಳಿಗೂ ಒಂದು ಸಿಕ್ಕಿತ್ತು. ಈಗ ಅವಳು ರೆಕ್ಕೆಯೊಳಗಿನ ಖಾಲಿ ಇಂಧನ ಟ್ಯಾಂಕಿನಲ್ಲಿ ಅಂಗಾತ ಮಲಗಿದ್ದಳು. ತಗಡು ಮೂಗಿಗೆ ತಾಗುತ್ತಿತ್ತು.

“ಸರ್, ಉಸಿರು ಕಟ್ತಿದೆ!”

“ಏನೂ ಆಗಲ್ಲಮ್ಮ,” ಹೊರಗೆ ಕಾವಲಿಗೆ ನಿಂತಿದ್ದ ನರೆಗೂದಲಿನವರ ತಣ್ಣನೆಯ ದನಿ ಕೇಳಿಸಿತು. “ಕಣ್ಣು ಮುಚ್ಚಿ ಹತ್ತು ಎಣಿಸು. ಈಗ ಬಲಗೈ ಚಾಚು, ಬೋಲ್ಟ್ ಸಿಗುತ್ತೆ.”

ಸಿಕ್ಕಿತು. ಬಿಗಿ ಮಾಡಿ, ಹೊರಗೆ ತೆವಳಿ ಬಂದಳು.

“ಮೊದಲನೇ ಸಲ ಒಳಗೆ ಹೋದಾಗ ನಿಮ್ಗೂ ಹೀಗೇ ಭಯ ಆಗಿತ್ತಾ ಸರ್?”

ಅವರ ಕೈಯಲ್ಲಿದ್ದ ಟ್ಯಾಂಕಿನ ನಕ್ಷೆಯ ಹಾಳೆ ಬೆವರಿಗೆ ಒದ್ದೆಯಾಗಿತ್ತು.

“ನಾನೂ ನಿನ್ನೆ ಸೇರಿದವನೇ ಕಣಮ್ಮ. ನಾಳೆ ನಾನು ಒಳಗೆ ಹೋದಾಗ ನೀನು ಹೊರಗಿಂದ ಹೀಗೇ ಮಾತಾಡ್ತಾ ಇರು.”