ನಗಲು ಅಪ್ಪಣೆ

ಟೀವಿಯ ಹಾಸ್ಯ ಧಾರಾವಾಹಿಯಲ್ಲಿ ಗುರುಮಲ್ಲಪ್ಪನದು ಸೈನಿಕ ಶಾಲೆ ನಡೆಸುವ ಖಡಕ್ ಕಮಾಂಡರ್ ಪಾತ್ರ. ಈಚೆಗೆ ಅದಕ್ಕೆ ಯಾರೂ ನಗುತ್ತಿರಲಿಲ್ಲ. ಇವತ್ತೂ ಯಾರೂ ನಗದಿದ್ದರೆ ಧಾರಾವಾಹಿಯನ್ನೇ ನಿಲ್ಲಿಸಿಬಿಡುವುದೆಂದು ಚಾನೆಲ್ಲಿನ ಮಾಲೀಕರೇ ಚಿತ್ರೀಕರಣಕ್ಕೆ ಬಂದು ಕೂತಿದ್ದರು.

ಪ್ರೇಕ್ಷಕರಾಗಿ ನಿಜವಾದ ಸೈನಿಕ ಶಾಲೆಯ ಹುಡುಗರನ್ನು ಕರೆಸಲಾಗಿತ್ತು. ಗುರುಮಲ್ಲಪ್ಪ ಗದರಿದ, ಜಾರಿಬಿದ್ದ, ಪ್ಯಾಂಟು ಹರಿದುಕೊಂಡ. ಹುಡುಗರು ಬೆನ್ನು ನೆಟ್ಟಗಿಟ್ಟು ಸುಮ್ಮನೆ ನೋಡಿದರು.

ಹುಡುಗರನ್ನು ಕರೆತಂದಿದ್ದ ಮೇಜರ್ ಬಳಿಗೆ ಗುರುಮಲ್ಲಪ್ಪ ಓಡಿದ. "ಸಾರ್, ನನ್ನ ಹೊಟ್ಟೆಪಾಡು. ಒಂಚೂರು ನಗೋಕೆ ಹೇಳಿ."

"ಮೊದಲೇ ಹೇಳಬಾರದೇನ್ರೀ? ಅಪ್ಪಣೆ ಇಲ್ಲದೆ ನಮ್ಮ ಹುಡುಗರು ನಗಲ್ಲ." ಮೇಜರ್ ಎದ್ದು ಗುಡುಗಿದರು: "ವೇದಿಕೆ ಮೇಲಿನವರು ಏನು ಮಾತಾಡಿದರೂ ಜೋರಾಗಿ ನಗಬೇಕು!"

ಅಷ್ಟರಲ್ಲಿ, ಫೋನಿಗೆಂದು ಹೊರಗೆ ಹೋಗಿದ್ದ ಮಾಲೀಕರು ಬಂದು ವೇದಿಕೆ ಹತ್ತಿ ಮೈಕು ಹಿಡಿದರು. "ಈ ಧಾರಾವಾಹಿ ಇಲ್ಲಿಗೆ ಮುಗೀತು."

ಹುಡುಗರ ನಗೆಗೆ ಇಡೀ ಸಭಾಂಗಣ ನಡುಗಿತು.

ಮಾಲೀಕರು ತಬ್ಬಿಬ್ಬಾದರು. "ಇದರಲ್ಲಿ ನಗೋಕೇನಿದೆ?"

ಮತ್ತೆ ಅದೇ ನಗೆ, ಇನ್ನೂ ಜೋರಾಗಿ.

ಮಾಲೀಕರ ಮುಖ ಮೆಲ್ಲಗೆ ಅರಳಿತು. ಗುರುಮಲ್ಲಪ್ಪನತ್ತ ಕೈ ಚಾಚಿ ಹೇಳಿದರು: "ಆ ಕಮಾಂಡರ್ ಟೋಪಿ ಇಲ್ಲಿ ಕೊಡಯ್ಯ, ನನ್ನ ತಲೆಗೆ ಕೂರುತ್ತಾ ನೋಡೋಣ."