ಮುಖ ತಿರುಗಿಸಿದ ದ್ವಾರಪಾಲಕ

ಅತ್ತಿಗೆ ಚಿಯಾವ್ ಹಿಟ್ಟಿನ ಅಂಟು ಬಳಿದು ಎರಡು ಚಿತ್ರಗಳನ್ನೂ ಬಾಗಿಲಿಗೆ ಹಚ್ಚಿ, ಹಿಂದೆ ಸರಿದು ನೋಡಿದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ದೇವರೇ, ಇದೇನಿದು! ಒಬ್ಬ ನೋಡ್ತಿದ್ದಾನೆ, ಇನ್ನೊಬ್ಬ ಮುಖ ತಿರುಗಿಸ್ಕೊಂಡು ನಿಂತಿದ್ದಾನೆ!"

ನಿಜ. ಹೊಸವರ್ಷಕ್ಕೆ ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಯಾವ ಮನೆಯ ಬಾಗಿಲು ನೋಡಿದರೂ ಕಾಗದದ ದ್ವಾರಪಾಲಕರಿಬ್ಬರು ಎದುರುಬದುರಾಗಿ ನಿಂತಿರುತ್ತಾರೆ. ಇಲ್ಲಿ ಎಡಗಡೆಯವನು ಸರಿಯಾಗಿದ್ದ. ಅವನ ಮರದ ಅಚ್ಚು ಕೆತ್ತಿದ್ದು ಚಿಯಾವಳ ಗಂಡ, ಅಣ್ಣ ತಿಯೆಮಿನ್. ಬಲಗಡೆಯವನು ಪಕ್ಕದವನಿಗೆ ಬೆನ್ನು ಹಾಕಿದ್ದ. ಅವನನ್ನು ಕೆತ್ತಿದ್ದು ತಮ್ಮ ತಿಯೆಶಾನ್. ಅಚ್ಚಿನ ಹಲಗೆಗೆ ಅವನು ಉಳಿ ಇಟ್ಟದ್ದು ಇದೇ ಮೊದಲು.

ತಿಯೆಶಾನ್ ಬಡಗಿ. ಬಾಗಿಲು ಮಾಡುವುದರಲ್ಲಿ ಎತ್ತಿದ ಕೈ. "ನಿಮ್ಮ ಕಾಗದದ ದೇವರು ವರ್ಷಕ್ಕೇ ಹರಿದು ಹೋಗ್ತಾನೆ, ನನ್ನ ಬಾಗಿಲು ನೂರು ವರ್ಷ ನಿಲ್ಲುತ್ತೆ" ಎಂದು ಅಪ್ಪನ ಅಚ್ಚುಮನೆ ಬಿಟ್ಟು ಹೋದವನು. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಊರಿಗೆ ಊರೇ ಕಬ್ಬಿಣದ ಬಾಗಿಲಿಗೆ ಮರುಳಾದ ಮೇಲೆ ಬಡಗಿಯನ್ನು ಕೇಳುವವರಿಲ್ಲ. ಈ ಚಳಿಗಾಲದಲ್ಲಿ ಅತ್ತಿಗೆಯೇ ಹೋಗಿ ಕರೆತಂದಿದ್ದಳು. ಅಣ್ಣ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಒಂದು ಹಲಗೆ ಕೆತ್ತಲಿ, ಆಮೇಲೆ ನೋಡೋಣ" ಎಂದು ಅವಳ ಬಾಯಲ್ಲೇ ಹೇಳಿಸಿದ್ದ. ತಿಯೆಶಾನನಿಗೆ ಹೇಗಾದರೂ ಇಲ್ಲೇ ನಿಲ್ಲಬೇಕಿತ್ತು. ಬಾಯಿಬಿಟ್ಟು ಕೇಳಲು ಮಾತ್ರ ಜಂಬ ಅಡ್ಡ ಬರುತ್ತಿತ್ತು. ಮುಗಿಯುವವರೆಗೆ ಯಾರಿಗೂ ತೋರಿಸಬಾರದೆಂದು ಹಲಗೆಯನ್ನು ತನ್ನ ಮನೆಗೊಯ್ದು ಕೆತ್ತಿದ್ದ.

ತಿಯೆಮಿನ್ ಆ ಹಲಗೆಯನ್ನು ಎತ್ತಿ ಬೆಳಕಿಗೆ ಹಿಡಿದ. ಗಡ್ಡದ ಒಂದೆಳೆಯೂ ಮುರಿದಿರಲಿಲ್ಲ.

"ಕೆತ್ತೋಕೆ ಮುಂಚೆ ಹಲಗೆಗೆ ಚಿತ್ರ ಹೇಗೋ ಅಂಟಿಸಿದೆ?" ಎಷ್ಟೋ ವರ್ಷಗಳ ಮೇಲೆ ತಮ್ಮನಿಗೆ ಅವನು ನೇರವಾಗಿ ಆಡಿದ ಮಾತು ಇದು.

"ಹೇಗೆ ಅಂದ್ರೆ? ಮುಖ ಮೇಲೆ ಮಾಡಿ. ಮರಗೆಲಸದಲ್ಲಿ ಚೆಂದದ ಮಗ್ಗುಲು ಯಾವತ್ತೂ ಮೇಲೇ ಅಲ್ವಾ?"

"ಮುಖ ಕೆಳಗೆ ಹಾಕಿ ಅಂಟಿಸಬೇಕು ಕಣೋ! ಅಚ್ಚು ಒತ್ತಿದಾಗ ಎಲ್ಲಾ ತಿರುಗುತ್ತೆ. ಅಪ್ಪ ಅಂಟಿಸೋದನ್ನ ನೋಡೇ ಇಲ್ವಾ ನೀನು?"

"ನೋಡೋಕೆ ಇವನು ಮನೇಲಿದ್ರೆ ತಾನೇ!" ಎಂದಳು ಚಿಯಾವ್. ಮಾತು ನಗೆಗೆ ತಿರುಗಲಿ ಎಂದು ಅವಳ ಆಸೆ.

ತಿಯೆಶಾನ್ ನಗಲಿಲ್ಲ. "ಒಳ್ಳೇ ಹಲಗೆ ಹಾಳು ಮಾಡ್ಬಿಟ್ಟೆ. ನನ್ನ ಕೈಗೆ ಹತ್ತೋ ಕೆಲಸ ಅಲ್ಲ ಇದು" ಎಂದು ಉಳಿಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದ. ನಾಚಿಕೆಯಿಂದ ಕಿವಿ ಕೆಂಪಾಗಿದ್ದವು. ಅಣ್ಣ ಒಂದು ಸಲ 'ಇರು' ಅಂದರೆ ಸಾಕು ಎಂದು ಜೀವ ಹಂಬಲಿಸುತ್ತಿತ್ತು. ಅತ್ತಿಗೆ ಗಂಡನ ಮುಖ ನೋಡಿದಳು.

ತಿಯೆಮಿನ್ ಗೋಡೆಗೆ ಒರಗಿಸಿದ್ದ ಹೊಸ ಹಲಗೆಯೊಂದನ್ನು ಮೇಜಿಗೆ ಹಾಕಿ ಅಂಟು ಬಳಿದ. ತನ್ನ ದ್ವಾರಪಾಲಕನ ಚಿತ್ರದ ಇನ್ನೊಂದು ಪ್ರತಿ ತಂದು ಅದರ ಮೇಲೆ ಹಾಸಿ, ಅಂಗೈಯಿಂದ ಒತ್ತಿದ.

"ಅಣ್ಣಾ!" ತಿಯೆಶಾನ್ ಉಳಿಗಳನ್ನು ಬಿಟ್ಟು ಓಡಿಬಂದ. "ಮುಖ ಮೇಲಾಯ್ತು! ನಿನ್ನೋನೂ ತಿರುಗಿಬಿಡ್ತಾನೆ!"

"ತಿರುಗಲಿ. ಆಮೇಲೆ ಬಾಗಿಲ ಮೇಲೆ ಇಬ್ಬರ ಜಾಗ ಅದಲುಬದಲು ಮಾಡಿದ್ರೆ ಮತ್ತೆ ಎದುರುಬದುರು."

"ಅವರ ಕತ್ತಿ ಎಡಗೈಗೆ ಬರುತ್ತಲ್ರೀ!" ಎಂದಳು ಚಿಯಾವ್.

"ಯಾಕೆ, ಎಡಚರು ಕಾವಲು ಕಾಯಬಾರ್ದಾ?" ತಿಯೆಮಿನ್ ತಲೆ ಎತ್ತದೆ ಕಾಗದದ ಸುಕ್ಕು ನೀವುತ್ತಿದ್ದ. "ಇವನು ಕೆತ್ತಿದೋನು ಜನ್ಮದಲ್ಲಿ ತಿರುಗೋನಲ್ಲ. ನನ್ನೋನೇ ತಿರುಗಲಿ ಬಿಡು."