ಕಡ ತಂದ ನಿದ್ದೆ

ಹಿಂಗಾರಿ ಜೋಳ ಕೀಳುವ ಕಾಲ. ಬಿಸಿಲೇರುವಷ್ಟರಲ್ಲಿ ಹೆಣ್ಣಾಳುಗಳು ಅರ್ಧ ಹೊಲ ಮುಗಿಸಿದ್ದರು. ಭಾಗವ್ವ ಎಲ್ಲರಿಗಿಂತ ಮುಂದಿದ್ದಳು.

ಅವಳಿಗೆ ತಾರಾ ಎಂಬ ಮಗಳಿದ್ದಳಂತೆ, ಸತ್ತಳಂತೆ. ಆಮೇಲೆ ಭಾಗವ್ವನೊಳಗಿನ ಪ್ಯಾಕೇಜುಗಳು, ಎಂದರೆ ನೆನಪು, ನಿದ್ದೆಯಂಥ ಕಟ್ಟುಗಳು, ಕೆಟ್ಟುಹೋದವು. ನೆನಪಿಲ್ಲದೆ ನಿದ್ದೆ ಕೂರದು, ನಿದ್ದೆಯಿಲ್ಲದೆ ನೆನಪು ಕೂರದು. ಊರವರ ಪ್ಯಾಕೇಜು ಕಟ್ಟಿಕೊಡುವ ಇರಸಂಗಪ್ಪ, ವಾಡಿಕೆಯಂತೆ, ನೆನಪಿನ ಹಂಗಿಲ್ಲದ ಬರಿ ನಿದ್ದೆಯೊಂದನ್ನು ಅವಳಿಗೆ ಕಡ ಹಾಕಿದ್ದ. ಅದರ ಆಸರೆಯಲ್ಲಿ ನೆನಪು ಕಟ್ಟಿ, ಆ ನೆನಪಿನ ಮೇಲೆ ಸ್ವಂತ ನಿದ್ದೆ ಕಟ್ಟಿ, ಕಡ ತಂದದ್ದನ್ನು ಮರಳಿಸಬೇಕು. ಊರಿಗೆಲ್ಲ ಅಂಥ ಕಡದ ನಿದ್ದೆ ಒಂದೇ ಇತ್ತು.

ಇರಸಂಗಪ್ಪ ಬದುವಿನ ಮೇಲೆ ಬಂದು ನಿಂತ. ಹಿಂದೆಯೇ ಬಂದ ಕಾಶೀಬಾಯಿ ಬೇವಿನ ನೆರಳಲ್ಲಿ ಕುಸಿದು ಕೂತಳು.

“ಭಾಗವ್ವ, ನಿನ್ನ ನೆನಪು ತಯಾರ್ ಐತಿ. ಬಾ, ಸಂಜಿಯೊಳಗ ಹಾಕಿ ಕಳಸ್ತೀನಿ.”

“ಈಗ ಯಾಕ ಯಪ್ಪಾ? ನಿದ್ದಿ ಚೊಲೊ ಬರಾಕತ್ತೈತಿ.”

“ಮಂದಿ ಹೆಪ್ಪಿನ್ಯಾಗ ಎಷ್ಟ ದಿನಾ ಮಸರ ಉಣ್ತಿ? ಗಂಡ ಸತ್ತಾಗಿಂದ ಕಾಶೀಬಾಯಿ ಕಣ್ಣ ಮುಚ್ಚಿಲ್ಲ. ಆ ನಿದ್ದಿ ಈಗ ಅಕಿಗೆ ಬೇಕಾಗೇತಿ.”

“ನನಗೇನ ಗಡಿಬಿಡಿ ಇಲ್ಲವ್ವಾ,” ಎಂದಳು ಕಾಶೀಬಾಯಿ. ಬೇವಿನ ಬೊಡ್ಡೆಗೆ ತಲೆ ಆನಿಸಿದಳು.

“ಮಗಳ ಮಾರಿ ನೆನಪಾಗೂದು ಬ್ಯಾಡೇನ ನಿನಗ? ತಾರಾಂದು?” ಇರಸಂಗಪ್ಪ ಕೇಳಿದ.

ಆ ಹೆಸರು ಭಾಗವ್ವನಿಗೆ ಎಂದೂ ಹೋಗದ ಯಾವುದೋ ಊರಿನ ಹೆಸರಿನಂತೆ ಕೇಳಿಸಿತು.

“ಈ ಸಾಲ ಮುಗಿಸಿ ಬರ್ತೀನಿ, ಕೂಡ್ರಿ,” ಎಂದಳು.

ಇರಸಂಗಪ್ಪನೂ ನೆರಳಲ್ಲಿ ಕೂತ. ಸಾಲು ಮುಗಿಯಿತು. ಭಾಗವ್ವ ಕೈಗಂಟಿದ ಮಣ್ಣು ಕೊಡವಿ, ಬೇವಿನ ಕಡೆ ನೋಡದೆ, ಮುಂದಿನ ಸಾಲಿಗೆ ಬಾಗಿದಳು.